ಹಳೆಯ ಟ್ರ್ಯಾಕ್ಟರಿಗೆ ಹೊಸ ಪಿಸ್ಟನ್

ಅಫಜಲಪುರ ತಾಲ್ಲೂಕಿನ ಅತನೂರಿನ ಸುತ್ತಣ ಯರೆಭೂಮಿಯಲ್ಲಿ ಮುಂಗಾರಿನ ಮಳೆ ಬಿದ್ದೊಡನೆ ತೊಗರಿಯ ಬಿತ್ತನೆಗೆ ಅವಸರವಾಗುತ್ತದೆ. ಸರಿಯಾಗಿ ಆ ವೇಳೆಗೆ ಮನೆಯ ಹಳೆಯ ಟ್ರ್ಯಾಕ್ಟರು ನೀಲಿ ಹೊಗೆಯುಗುಳತೊಡಗಿತೆನ್ನೋಣ. ಸಿಲಿಂಡರು ಸವೆದು, ಎಣ್ಣೆ ಮೇಲೇರಿ ಉರಿಯುತ್ತಿದೆಯೆಂಬುದಕ್ಕೆ ಅದು ಗುರುತು. ಮೂಲ ತಯಾರಕರ ಪಿಸ್ಟನ್ ದೊರೆಯದಿರಬಹುದು. ಬೇರೆ ಕಾರ್ಖಾನೆಗಳವು ಅಂಗಡಿಯಲ್ಲಿ ಹಲವು ಇರುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು? ಆಯ್ಕೆ ತಪ್ಪಿದರೆ ಎಂಜಿನು ಹೊಲದ ನಡುವೆಯೇ ಬಿಗಿದು ನಿಲ್ಲಬಹುದು. ಭೂಮಿಯ ಹದವಾದರೋ ಯಾರಿಗೂ ಕಾಯುವುದಿಲ್ಲ.

ಉದಾಹರಣೆಗೆ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರಿನಲ್ಲಿ ಬಂದ ಪರ್ಕಿನ್ಸ್ ಮೂರು ಸಿಲಿಂಡರಿನ ಡೀಸೆಲ್ ಎಂಜಿನನ್ನು ತೆಗೆದುಕೊಳ್ಳೋಣ. ಅದರ ಸಿಲಿಂಡರಿನ ಒಳವ್ಯಾಸ 91.4 ಮಿಲಿಮೀಟರು, ಪಿಸ್ಟನ್ನಿನ ಓಟ 127 ಮಿಲಿಮೀಟರು. ಒಂದೊಂದು ಓಟದಲ್ಲಿಯೂ ಪಿಸ್ಟನ್ ಸುಮಾರು 834 ಘನ ಸೆಂಟಿಮೀಟರು ಗಾಳಿಯನ್ನು ಒತ್ತುತ್ತದೆ.

ವ್ಯಾಸವೊಂದು ಹೊಂದಿದರೆ ಸಾಕೆಂದು ಅನೇಕರು ತಿಳಿಯುವರು. ಅದು ತಪ್ಪು. ಪಿಸ್ಟನ್ನಿನ ಗೂಟದ ನಡುವಿನಿಂದ ನೆತ್ತಿಯವರೆಗಿನ ಎತ್ತರವನ್ನೂ ಅಳೆಯಬೇಕು. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಒತ್ತಲ್ಪಟ್ಟ ಗಾಳಿಯ ಕಾವೇ ಇಂಧನವನ್ನು ಹೊತ್ತಿಸಬೇಕು. ಒತ್ತಡದ ಪ್ರಮಾಣ 17ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ತುದಿಮುಟ್ಟಿದಾಗ ಉಳಿಯುವ ಜಾಗ ಸುಮಾರು 52 ಘನ ಸೆಂಟಿಮೀಟರು ಮಾತ್ರ. ಹೊಸ ಪಿಸ್ಟನ್ನಿನ ನೆತ್ತಿ ಒಂದೇ ಮಿಲಿಮೀಟರು ತಗ್ಗಾಗಿದ್ದರೆ ಆ ಜಾಗ ಸುಮಾರು 59 ಆಗುತ್ತದೆ, ಪ್ರಮಾಣ 15.2ಕ್ಕೆ ಇಳಿಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಅಂಥ ಎಂಜಿನು ಸುಲಭವಾಗಿ ಹೊತ್ತಿಕೊಳ್ಳದು. ನೆತ್ತಿ ಎತ್ತರವಾದರೆ ಮೇಲಿನ ಹೆಡ್ಡಿಗೋ ವಾಲ್ವಿಗೋ ಬಡಿಯುವ ಅಪಾಯವುಂಟು. ನೆತ್ತಿಯ ಆಕಾರವೂ ಮುಖ್ಯ. ಕೆಲವು ಎಂಜಿನುಗಳಲ್ಲಿ ದಹನದ ಕುಳಿ ಹೆಡ್ಡಿನಲ್ಲಿದೆ, ಕೆಲವುಗಳಲ್ಲಿ ಪಿಸ್ಟನ್ನಿನ ನೆತ್ತಿಯಲ್ಲಿಯೇ ಇದೆ. ವ್ಯಾಸ ಒಂದೇ ಆದರೂ ಒಂದನ್ನು ಇನ್ನೊಂದರ ಬದಲಿಗೆ ಹಾಕಲಾಗದು.

ಇನ್ನು ಸಂದಿನ ವಿಚಾರ. ಸಿಲಿಂಡರಿನ ಲೈನರು ಎರಕದ ಕಬ್ಬಿಣದ್ದು, ಪಿಸ್ಟನ್ ಸಾಮಾನ್ಯವಾಗಿ ಸಿಲಿಕನ್ ಬೆರೆತ ಅಲ್ಯೂಮಿನಿಯಮ್ಮಿನದು. ಒಂದೊಂದು ಡಿಗ್ರಿ ಕಾವಿಗೆ ಕಬ್ಬಿಣವು ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗಿದರೆ, ಈ ಮಿಶ್ರಲೋಹವು ಸುಮಾರು 20 ಪಾಲು ಹಿಗ್ಗುತ್ತದೆ. ಪಿಸ್ಟನ್ನಿನ ಕೆಳಮೈ 100 ಡಿಗ್ರಿಯಷ್ಟೂ ಲೈನರು 70 ಡಿಗ್ರಿಯಷ್ಟೂ ಬಿಸಿಯೇರಿದವೆಂದು ಎಣಿಸಿರಿ: ಮೊದಲನೆಯದು 0.18 ಮಿಲಿಮೀಟರು ಹಿಗ್ಗಿತು, ಎರಡನೆಯದು 0.07 ಮಾತ್ರ. ಸಂದು 0.11 ಮಿಲಿಮೀಟರು ಕಿರಿದಾಯಿತು. ತಣ್ಣಗಿದ್ದಾಗ ಇದಕ್ಕಿಂತ ಕಡಿಮೆ ಸಂದು ಬಿಟ್ಟಿದ್ದರೆ ಪಿಸ್ಟನ್ ಬಿಗಿದುಕೊಳ್ಳದೆ ಇರುವುದೆ? ಕುಟ್ಟಿ ರೂಪಿಸಿದ ಪಿಸ್ಟನ್ನಿಗೆ ಎರಕದ್ದಕ್ಕಿಂತ ಹೆಚ್ಚು ಸಂದು ಬೇಕಾಗುವುದು ಸಾಮಾನ್ಯ. ಆದಕಾರಣ ಹಳೆಯ ಪುಸ್ತಕದ ಅಂಕಿಯನ್ನಲ್ಲ, ಕೊಂಡ ಪಿಸ್ಟನ್ನಿನ ತಯಾರಕರು ಹೇಳಿದ ಅಂಕಿಯನ್ನು ಪಾಲಿಸಬೇಕು. ಹೊಲದ ಕೆಲಸಕ್ಕೆ ಉತ್ತಮವಾದ ಎರಕದ ಪಿಸ್ಟನ್ನೇ ಸಾಕೆಂದು ನನ್ನ ಅಭಿಪ್ರಾಯ. ಓಟದ ಪಂದ್ಯಕ್ಕೆ ತಕ್ಕದ್ದು ಉಳುಮೆಗೆ ಬೇಡ.

ತೂಕವನ್ನು ಮರೆಯುವವರೇ ಹೆಚ್ಚು. ನಿಮಿಷಕ್ಕೆ 2000 ಸುತ್ತಿನಲ್ಲಿ, ತುದಿಯಲ್ಲಿ ಹಿಂದಿರುಗುವಾಗ ಪ್ರತಿ ಪಿಸ್ಟನ್ ತನ್ನ ತೂಕದ 280 ಪಟ್ಟಿಗೂ ಮಿಗಿಲಾದ ಬಲದಿಂದ ಜಗ್ಗುತ್ತದೆ. ಮೂರರಲ್ಲಿ ಒಂದು 10 ಗ್ರಾಂ ಹೆಚ್ಚು ತೂಗಿದರೆ ಸುಮಾರು 3 ಕಿಲೋಗ್ರಾಂ ತೂಕದಷ್ಟು ಸೆಳೆತ ಹೆಚ್ಚಾಗಿ, ಎಂಜಿನು ನಡುಗುವುದು. ಅಂಗಡಿಯ ತಕ್ಕಡಿಯಲ್ಲಿ ಮೂರನ್ನೂ ತೂಗಿ ನೋಡಲು ಸಂಕೋಚಪಡಬೇಕಾಗಿಲ್ಲ.

ಸಿಲಿಂಡರು ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಮೇಲಿನ ಉಂಗುರ ತಲುಪುವ ತುದಿಯ ಬಳಿ ಸವೆತ ಹೆಚ್ಚು. ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ ಅದು ಮೊಟ್ಟೆಯಾಕಾರ ತಾಳುತ್ತದೆ. ಆದುದರಿಂದ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಕೊರೆದು ಹಿಗ್ಗಿಸುವುದಾದರೆ ಮೊದಲು ಪಿಸ್ಟನ್ನುಗಳನ್ನು ಕೊಂಡು, ಮೈಕ್ರೋಮೀಟರಿನಿಂದ ಒಂದೊಂದನ್ನೂ ಅಳೆದು, ಯಾವುದು ಯಾವ ಸಿಲಿಂಡರಿಗೆಂದು ಗುರುತು ಹಾಕಿ, ಆಮೇಲೆಯೇ ಸಿಲಿಂಡರುಗಳನ್ನು ಲೇತಿನ ಅಂಗಡಿಗೆ ಒಪ್ಪಿಸತಕ್ಕದ್ದು.