ಬಚ್ಚಲುಮನೆಯ ಲೆಕ್ಕ

ಒಂದು ಯೂನಿಟ್ ಕರೆಂಟಿಗೆ 86 ಲೀಟರ್ ನೀರು ಹತ್ತು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಮನೆಯ ವಿದ್ಯುತ್ ಬಿಲ್ಲನ್ನು ಅರ್ಥ ಮಾಡಿಕೊಳ್ಳಲು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸಂಗತಿ ಇದು. ನಮ್ಮ ಮೈಸೂರಿನ ನಲ್ಲಿಯಲ್ಲಿ ಬರುವ ನೀರು 24 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರಿನ ಒಂದು ಬಕೆಟ್ ನೀರನ್ನು ಆ ಮಟ್ಟಕ್ಕೆ ತರಲು ಬೇಕಾಗುವುದು ಸುಮಾರು 0.37 ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವಾಟಿನ ಎಲ್‌ಇಡಿ ಬಲ್ಬು ನಲವತ್ತು ಗಂಟೆ ಉರಿಯುತ್ತದೆ.

ನಾವು ಚಿಕ್ಕವರಿದ್ದಾಗ ಮನೆಯಲ್ಲಿದ್ದದ್ದು 60 ವಾಟಿನ ಬುರುಡೆ ಬಲ್ಬು. ಇದೇ 0.37 ಯೂನಿಟ್ಟಿಗೆ ಅದು ಆರು ಗಂಟೆ ಉರಿಯುತ್ತಿತ್ತು. ಆ ಕಾಲದಲ್ಲಿ 'ಲೈಟ್ ಆರಿಸಿ ಬಾ' ಎಂದು ಹಿರಿಯರು ಕೂಗಿ ಹೇಳುತ್ತಿದ್ದುದರಲ್ಲಿ ನಿಜವಾದ ಉಳಿತಾಯವಿತ್ತು. 2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಯೋಜನೆ ಬಂತು, ಕಡಿಮೆ ಬೆಲೆಗೆ ಎಲ್‌ಇಡಿ ಸಿಕ್ಕಿತು, ಬೆಳಕಿನ ಖರ್ಚು ಆರರಲ್ಲೊಂದು ಪಾಲಿಗೆ ಇಳಿಯಿತು. ನಮ್ಮ ಕಣ್ಣು ಮಾತ್ರ ಇನ್ನೂ ಸ್ವಿಚ್ಚಿನ ಮೇಲೆಯೇ ಇದೆ. ಪಡಸಾಲೆಯಲ್ಲಿ ದೀಪ ಉರಿಯುತ್ತಿದ್ದರೆ ಮನೆಯವರೆಲ್ಲ ಗದರುತ್ತಾರೆ, ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ ಉರಿಯುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಕರೆಂಟಿನ ಹಣ ಹೋಗುವುದು ಬಿಸಿ ಮಾಡುವ ಮತ್ತು ತಂಪು ಮಾಡುವ ಸಾಮಾನುಗಳಿಗೆ. ಉಳಿತಾಯ ಅಲ್ಲಿಂದಲೇ ಶುರುವಾಗಬೇಕು.

ನಮ್ಮ ಮನೆಯಲ್ಲಿ ನಾಲ್ಕು ಜನ: ನಾನು, ಯಜಮಾನರು, ಅತ್ತೆ, ಕಾಲೇಜಿಗೆ ಹೋಗುವ ಮಗಳು. ಶವರಿನಲ್ಲಿ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಎಂದು ತಿಳಿಯಲು ಅದರ ಕೆಳಗೆ ಒಂದು ನಿಮಿಷ ಬಕೆಟ್ ಹಿಡಿದರೆ ಸಾಕು. ನಮ್ಮಲ್ಲಿ ಎಂಟು ಲೀಟರ್ ಬಂತು. ಎಂಟು ನಿಮಿಷದ ಸ್ನಾನಕ್ಕೆ 64 ಲೀಟರ್, ಅಂದರೆ ಹತ್ತಿರ ಹತ್ತಿರ 1.2 ಯೂನಿಟ್. ನಾಲ್ಕೂ ಜನ ದಿನಾ ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ 45 ಯೂನಿಟ್. ನಾಲ್ಕೂ ಜನ ಶವರ್ ಕೆಳಗೆ ನಿಂತರೆ 143. ಸ್ನಾನ ಅದೇ, ನಡುವೆ ಇರುವ ಅಂತರ 98 ಯೂನಿಟ್.

ಹಣದಲ್ಲಿ ಇದು ಎಷ್ಟು? ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ಕ್ಕೆ ನಿಗದಿ ಮಾಡಿದ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಪಿಂಚಣಿ-ಗ್ರಾಚ್ಯುಟಿಯ ಬಾಬ್ತು 36 ಪೈಸೆ, ಆಮೇಲೆ ಶೇಕಡಾ 9ರಷ್ಟು ವಿದ್ಯುತ್ ತೆರಿಗೆ. ಎಲ್ಲ ಸೇರಿ ಯೂನಿಟ್ಟಿಗೆ 6 ರೂಪಾಯಿ 70 ಪೈಸೆಯ ಆಸುಪಾಸು ಬೀಳುತ್ತದೆ, ಇಂಧನದ ಹೊಂದಾಣಿಕೆ ಶುಲ್ಕ ಬೇರೆ. 98 ಯೂನಿಟ್ ಎಂದರೆ ತಿಂಗಳಿಗೆ 650 ರೂಪಾಯಿ.

ಈ ಲೆಕ್ಕ ಹೇಳಿದಾಗ ಅತ್ತೆಗೆ ಏನೂ ಆಶ್ಚರ್ಯವಾಗಲಿಲ್ಲ. ಅವರು ಹುಣಸೂರಿನ ಕಡೆಯ ಹಳ್ಳಿಯವರು. ಅಲ್ಲಿ ಬಚ್ಚಲೊಲೆಗೆ ತೆಂಗಿನ ಗರಿ, ಮಟ್ಟೆ ಕೂಡಿಹಾಕಿ, ಮಳೆಗೆ ನೆನೆಯದ ಹಾಗೆ ಒಟ್ಟಿ, ನಸುಕಿನಲ್ಲಿ ಉರಿ ಹಚ್ಚುವುದು ಹೆಂಗಸರ ಪಾಲಿನ ಕೆಲಸವಾಗಿತ್ತು. "ಹಂಡೆ ಕಾಯಿಸಿದೋರಿಗೆ ಗೊತ್ತಿರುತ್ತೆ ಕಣಮ್ಮ, ಒಂದು ಚೊಂಬು ಬಿಸಿನೀರಿಗೆ ಎಷ್ಟು ಸೌದೆ ಅಂತ" ಅಂದರು. ಆ ಕಷ್ಟ ಮತ್ತೆ ಬರಲಿ ಎಂದು ನಾನು ಖಂಡಿತ ಬಯಸುವುದಿಲ್ಲ. ಹೊಗೆ ಕುಡಿದ ಕಣ್ಣು, ಗಂಟಲು ಯಾರಿಗೂ ಬೇಡ. ಆದರೆ ಸೌದೆಯ ರಾಶಿ ಕರಗುವುದು ಕಣ್ಣಿಗೆ ಕಾಣುತ್ತಿತ್ತು, ಗೀಸರಿನದು ಕಾಣುವುದಿಲ್ಲ. ಅದಕ್ಕೇ ಅದನ್ನು ಒಂದು ಸಲವಾದರೂ ಕೂತು ಲೆಕ್ಕ ಹಾಕಿ ನೋಡಬೇಕು.

ನಾವು ಮಾಡಿಕೊಂಡ ಏರ್ಪಾಡು ದೊಡ್ಡದೇನಲ್ಲ. ನಮ್ಮದು 15 ಲೀಟರಿನ, 2 ಕಿಲೋವಾಟಿನ ಗೀಸರ್. ತುಂಬಿದ ತೊಟ್ಟಿಯ ನೀರು 24ರಿಂದ 60 ಡಿಗ್ರಿಗೆ ಏರಲು ಹಿಡಿಯುವುದು ಸುಮಾರು 19 ನಿಮಿಷ. ತಣ್ಣೀರು ಬೆರೆಸಿದರೆ ಅದರಿಂದ ಒಂದೂಮುಕ್ಕಾಲು ಬಕೆಟ್‌ನಷ್ಟು ಸ್ನಾನದ ನೀರಾಗುತ್ತದೆ. ಹಾಗಾಗಿ ಇಪ್ಪತ್ತು ನಿಮಿಷಕ್ಕಿಂತ ಮುಂಚೆ ಸ್ವಿಚ್ ಹಾಕುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ಸ್ನಾನ ಮುಗಿಸುತ್ತೇವೆ, ತೊಟ್ಟಿಯಲ್ಲಿ ಉಳಿದ ಬಿಸಿ ಆರಿಹೋಗುವ ಮೊದಲೇ ಮುಂದಿನವರಿಗೆ ಸಿಗುತ್ತದೆ. ಕೊನೆಯವರು ಬಕೆಟ್ ಹಿಡಿಯುವ ಮುಂಚೆಯೇ ಸ್ವಿಚ್ ಆರಿಸುತ್ತಾರೆ. ಮಗಳ ಶವರನ್ನು ನಾವು ಕಿತ್ತುಕೊಂಡಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಅವಳಿಗೆ ಅದು ಬೇಕೇ ಬೇಕು. ಕಡಿಮೆ ನೀರು ಬಿಡುವ ಶವರ್ ತಲೆ ಹಾಕಿಸಿದೆವು, ಅಷ್ಟೆ. ಧನುರ್ಮಾಸದ ಚಳಿಯಲ್ಲಿ ಅತ್ತೆಗೆ ಇನ್ನೊಂದು ಚೊಂಬು ಬಿಸಿನೀರು ಬೇಕಾದರೆ ಅದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ವಯಸ್ಸಾದವರ ಮೈ ಬೆಚ್ಚಗಿರಲಿ ಎಂದೇ ಉಳಿದ ಕಡೆ ಉಳಿಸುವುದು.

'ಗೃಹಜ್ಯೋತಿ ಇದೆಯಲ್ಲ, ನಮಗೆ ಬಿಲ್ಲೇ ಬರುವುದಿಲ್ಲ' ಎನ್ನುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್ಯ ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದೇ ನಿಮ್ಮ ಉಚಿತದ ಮಿತಿ. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇರುವ ಮನೆಗಳಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ ಸೇರಿಸುವ ತಿದ್ದುಪಡಿ 2024ರಲ್ಲಿ ಬಂತು. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದು.

ಒಂದು ಮನೆಯ ಉಚಿತ ಮಿತಿ 180 ಎನ್ನೋಣ, ಮಂಜೂರಾದ ಲೋಡ್ 3 ಕಿಲೋವಾಟ್. ಏಪ್ರಿಲ್‌ನಲ್ಲಿ ಸರಿಯಾಗಿ 200 ಯೂನಿಟ್ ಬಳಸಿದರೆ 20 ಯೂನಿಟ್ಟಿನ ಹಣ, 130-140 ರೂಪಾಯಿ. 201 ಆದರೆ ಪೂರಾ 201 ಯೂನಿಟ್ಟಿಗೆ ಹಣ ಕಟ್ಟಬೇಕು. ಜೊತೆಗೆ 2025-26ರ ದರದಲ್ಲಿ ಕಿಲೋವಾಟಿಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 435. ಒಟ್ಟು 1,700 ದಾಟುತ್ತದೆ. ಆ ಒಂದು ಯೂನಿಟ್ಟಿನ ಬೆಲೆ ಒಂದೂವರೆ ಸಾವಿರಕ್ಕಿಂತ ಹೆಚ್ಚು! ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜು ಎರಡೂ ಹೆಚ್ಚು ದುಡಿಯುವ ತಿಂಗಳುಗಳಲ್ಲಿ 170-180ರ ಮನೆಗಳು ಹೀಗೆ ಗೊತ್ತಿಲ್ಲದೆ ಗೆರೆ ದಾಟುತ್ತವೆ. ಅದಕ್ಕೆ ನಾನು ಹೇಳುವುದು: ಬಿಲ್ಲಿನಲ್ಲಿ ರೂಪಾಯಿಯ ಜಾಗದಲ್ಲಿ ಸೊನ್ನೆ ಇದ್ದರೂ ಯೂನಿಟ್ಟಿನ ಸಾಲು ಓದಿ. ರೀಡಿಂಗ್ ತೆಗೆದ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಅಲ್ಲಿಂದ ಇಪ್ಪತ್ತನೇ ದಿನ ಮೀಟರ್ ನೋಡಿದರೆ ಉಳಿದ ಹತ್ತು ದಿನ ಹೇಗಿರಬೇಕು ಎಂದು ತಿಳಿಯುತ್ತದೆ.

ಮೀಟರ್ ಎಂದಾಗ ಇನ್ನೊಂದು ಪರೀಕ್ಷೆ ಹೇಳಬೇಕು, ನನಗೆ ಬಹಳ ಇಷ್ಟವಾದದ್ದು. ಈಗಿನ ಡಿಜಿಟಲ್ ಮೀಟರುಗಳಲ್ಲಿ ಒಂದು ಕೆಂಪು ಚುಕ್ಕಿ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ನಮ್ಮದರ ಮೇಲೆ 3200 ಎಂದಿದೆ. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ, ಫ್ರಿಜ್ಜಿನ ಪ್ಲಗ್ ಹತ್ತು ನಿಮಿಷ ತೆಗೆದು, ಫ್ಯಾನು ದೀಪ ಎಲ್ಲ ಆರಿಸಿ ಹೋಗಿ ನೋಡಿದೆ. ಏನೂ ನಡೆಯದ ಮನೆಯಲ್ಲಿ ಚುಕ್ಕಿ 25 ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಲೆಕ್ಕ ಹಾಕಿದರೆ 45 ವಾಟ್. ಹಗಲಿರುಳು ಹೀಗೇ ಹರಿದರೆ ತಿಂಗಳಿಗೆ 32 ಯೂನಿಟ್, ಇನ್ನೂರು ರೂಪಾಯಿಗೂ ಮೇಲೆ. ಒಂದೊಂದೇ ಪ್ಲಗ್ ತೆಗೆಯುತ್ತಾ ಬಂದಾಗ ತಿಳಿದದ್ದು, ಬಹುಪಾಲು ಯುಪಿಎಸ್ಸಿನದು. ಬ್ಯಾಟರಿ ಹಳತಾಗಿತ್ತು, ಎಷ್ಟು ಹೊತ್ತಾದರೂ ಚಾರ್ಜ್ ಆಗುತ್ತಲೇ ಇತ್ತು. ಉಳಿದದ್ದು ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್. ಬ್ಯಾಟರಿ ಬದಲಿಸಿದೆವು. ಟಿವಿ ಮತ್ತು ಬಾಕ್ಸನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸುವುದು ರೂಢಿಯಾಯಿತು. ರೂಟರ್ ತಂಟೆಗೆ ಹೋಗಲಿಲ್ಲ.

ಅಡುಗೆಮನೆಯಲ್ಲಿ ಕೆಲವು ಭಯಗಳಿಗೆ ಆಧಾರವಿಲ್ಲ. ದೋಸೆಹಿಟ್ಟಿಗೆ ಗ್ರೈಂಡರ್ ಅರ್ಧ ಗಂಟೆ ತಿರುಗಿದರೆ ಕರೆಂಟು ಕುಡಿಯುತ್ತದೆ ಎಂದು ಅಂಜುವವರಿದ್ದಾರೆ. 150 ವಾಟಿನ ಗ್ರೈಂಡರಿಗೆ ಅರ್ಧ ಗಂಟೆಯಲ್ಲಿ ಹೋಗುವುದು 0.075 ಯೂನಿಟ್, ಐವತ್ತು ಪೈಸೆ. ಮಿಕ್ಸಿಯದು ಅದಕ್ಕಿಂತ ಕಡಿಮೆ. ಸದ್ದು ಮಾಡುವ ಯಂತ್ರ ಹೆಚ್ಚು ತಿನ್ನುತ್ತದೆ ಎಂದೇನಿಲ್ಲ. ಸದ್ದಿಲ್ಲದ ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್ ಇವೇ ಹೆಚ್ಚು ತಿನ್ನುವುದು. ಗ್ಯಾಸ್ ಉಳಿಸುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ದಾರಿಯಲ್ಲೇ: ಕಾಳು ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ, ಕುಕ್ಕರ್ ಒಮ್ಮೆ ಕೂಗಿದ ಮೇಲೆ ಉರಿ ಸಣ್ಣದು ಮಾಡುವುದು. ಗ್ಯಾಸೋ ಇಂಡಕ್ಷನ್ನೋ ಎಂದು ಕೇಳಿದರೆ, 14.2 ಕಿಲೋ ಸಿಲಿಂಡರ್ ಮಾಡುವಷ್ಟು ಅಡುಗೆಗೆ ಇಂಡಕ್ಷನ್ನಿಗೆ ಸುಮಾರು 140 ಯೂನಿಟ್ ಬೇಕು ಎಂಬುದು ನನ್ನ ಲೆಕ್ಕ. ಕರೆಂಟಿಗೆ ಹಣ ಕಟ್ಟುವ ಮನೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. 200ರ ಗೆರೆಯ ಹತ್ತಿರ ಇರುವ ಮನೆಗೆ ಗ್ಯಾಸೇ ಸರಿ.

ಫ್ಯಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸಾಮಾನ್ಯ ಫ್ಯಾನು 75 ವಾಟ್, ಬಿಎಲ್‌ಡಿಸಿ ಫ್ಯಾನು 30 ವಾಟ್. ದಿನಕ್ಕೆ ಹತ್ತು ಗಂಟೆ ತಿರುಗುವ ಕೋಣೆಯಲ್ಲಿ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ, ತೊಂಬತ್ತು ರೂಪಾಯಿಯ ಹತ್ತಿರ. ಬಿಲ್ ಕಟ್ಟುವವರು ಮಲಗುವ ಕೋಣೆಗೆ ಮೊದಲು ಹಾಕಿಸಲಿ, ಅಪರೂಪಕ್ಕೆ ತಿರುಗುವ ಫ್ಯಾನು ಹಾಗೆಯೇ ಇರಲಿ. ವರ್ಷವಿಡೀ ಸೊನ್ನೆ ಬಿಲ್ಲು ಬರುವ ಮನೆಯವರು ಹಣ ಉಳಿಯುತ್ತದೆಂದು ಇದನ್ನು ಕೊಳ್ಳಬೇಕಾಗಿಲ್ಲ. ಕಲಬುರಗಿ, ರಾಯಚೂರಿನ ಓದುಗರ ಲೆಕ್ಕ ಬೇರೆ, ಅಲ್ಲಿ ಸ್ನಾನಕ್ಕಿಂತ ಸೆಕೆಯೇ ದುಬಾರಿ. ಎಸಿಯನ್ನು 24 ಡಿಗ್ರಿಗೆ ಇಟ್ಟು ಫ್ಯಾನು ನಿಧಾನಕ್ಕೆ ತಿರುಗಲು ಬಿಡಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಮನೆಯ ಕರೆಂಟನ್ನು ಹೀಗೆ ಲೆಕ್ಕ ಹಾಕುವಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರನ್ನು ನೆನೆಯಲೇಬೇಕು. 1974ರಲ್ಲಿ ಅಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ 'ಅಸ್ತ್ರ' ಕೇಂದ್ರವನ್ನು ಕಟ್ಟಿದವರು, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸೌದೆ, ಸೀಮೆಎಣ್ಣೆ, ಮನುಷ್ಯರ ದುಡಿಮೆ ಎಲ್ಲವನ್ನೂ ಅಳೆದು ನೋಡಿದ ತಂಡಕ್ಕೆ ನೇತೃತ್ವ ಕೊಟ್ಟವರು. ಜನರಿಗೆ ಬೇಕಾದದ್ದು ವಿದ್ಯುತ್ತಿನಿಂದ ಆಗುವ ಕೆಲಸ, ಅಂದರೆ ಬೆಳಕು, ಬೆಂದ ಅನ್ನ, ಬಿಸಿನೀರು ಎಂಬುದು ಅವರ ವಾದ. ಕರ್ನಾಟಕಕ್ಕೆ ಹೊಸ ವಿದ್ಯುತ್ ಸ್ಥಾವರಗಳು ಎಷ್ಟು ಬೇಕು ಎಂಬ ಚರ್ಚೆ ನಡೆದಾಗ ಅವರು ಮುಂದಿಟ್ಟ ಯೋಜನೆಯಲ್ಲಿ ಮನೆಗಳ ಗೀಸರಿನ ಜಾಗಕ್ಕೆ ಸೌರ ಹೀಟರ್ ತರುವುದೂ ಒಂದಾಗಿತ್ತು. ಮನೆಯ ಬಚ್ಚಲಿಗೂ ರಾಜ್ಯದ ಸ್ಥಾವರಕ್ಕೂ ನೇರ ಸಂಬಂಧವಿದೆ ಎಂದು ಅಂಕಿಗಳಲ್ಲಿ ತೋರಿಸಿದ ಅವರ ಮೇಲೆ ನನಗೆ ದೊಡ್ಡ ಗೌರವ.

ಸೌರಫಲಕದ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಚಾವಣಿಗೆ 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಮತ್ತು ಅದರ ಮೇಲೆ 78,000 ರೂಪಾಯಿ ಸಹಾಯಧನವಿದೆ. ಮೊದಲೆರಡು ಕಿಲೋವಾಟಿಗೆ ಸಿಗುವಷ್ಟು ನೆರವು ಮೂರನೆಯದಕ್ಕೆ ಸಿಗುವುದಿಲ್ಲ ಎಂಬುದನ್ನು ಗಮನಿಸಿ. ನಮ್ಮ ಊರಿನಲ್ಲಿ 1 ಕಿಲೋವಾಟ್ ಫಲಕದಿಂದ ದಿನಕ್ಕೆ ನಾಲ್ಕು ಯೂನಿಟ್, ತಿಂಗಳಿಗೆ 120ರ ಆಸುಪಾಸು ಬರುತ್ತದೆ. ಬಕೆಟ್‌ಗೂ ಶವರ್‌ಗೂ ನಡುವಿನ 98 ಯೂನಿಟ್ ಎಂದರೆ ಹತ್ತಿರ ಹತ್ತಿರ ಒಂದು ಕಿಲೋವಾಟ್ ಫಲಕ.

ನಾವಿರುವುದು ಬಾಡಿಗೆಗೆ, ಮೇಲಿನ ಮಹಡಿಯಲ್ಲಿ. ಕೆಳಗಿನ ಮನೆಯ ಮಾಲೀಕರದು ದೊಡ್ಡ ಸಂಸಾರ, ಬಳಕೆ 200 ಯೂನಿಟ್ ದಾಟುತ್ತಲೇ ಇರುತ್ತದೆ. ಚಾವಣಿಗೆ 3 ಕಿಲೋವಾಟ್ ಹಾಕಿಸಬೇಕೆಂದು ಕೊಟೇಶನ್ ತರಿಸಿಕೊಂಡು, ಒಮ್ಮೆ ನೋಡಮ್ಮ ಎಂದು ನನ್ನ ಕೈಗೆ ಕೊಟ್ಟರು. ಅವರ ಶವರ್ ಕೆಳಗೂ ಬಕೆಟ್ ಹಿಡಿಸಿದೆ, ರಾತ್ರಿ ಅವರ ಮೀಟರಿನ ಚುಕ್ಕಿಯನ್ನೂ ಎಣಿಸಿದೆವು. ಈಗ ಮೊದಲು 200 ಲೀಟರಿನ ಸೌರ ಹೀಟರ್, ನಮ್ಮ ಬಚ್ಚಲಿಗೂ ಅದರಿಂದ ಒಂದು ಪೈಪು, ಆಮೇಲೆ 2 ಕಿಲೋವಾಟ್ ಫಲಕ ಎಂದು ತೀರ್ಮಾನವಾಗಿದೆ. ಪೈಪಿನ ಖರ್ಚಿನಲ್ಲಿ ಅರ್ಧ ನಮ್ಮದು.