ಬಿದ್ದ ಕುಸ್ತಿಯ ದುಡ್ಡು

ತಮ್ಮಾ, ತಂಗೀ,

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ, ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ, ಸವದತ್ತಿ ಗುಡ್ಡದ ದಾರಿಯಲ್ಲಿ, ರಾಮದುರ್ಗದ ನೇಕಾರರ ಓಣಿಯಲ್ಲಿ ಈಗ ಒಂದೇ ಮಾತು ಕಿವಿಗೆ ಬೀಳುತ್ತದೆ: ‘ಇಷ್ಟು ರೊಕ್ಕಾ ಹಾಕ್ರಿ, ಎರಡು ಪಟ್ಟು ಬರ್ತೈತಿ.’ ಹೇಳುವವನು ಪರವೂರಿನ ಕಳ್ಳನಲ್ಲ. ಅಕ್ಕನ ಮಗ, ಬಾಜೂ ಮನೆಯ ಹುಡುಗ, ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತವನು. ಅವನ ಮೇಲಿನ ಕಕ್ಕುಲಾತಿಗೇ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ಮೊಮ್ಮಗ ಒಂದು ಹಳೆಯ ಸಿನಿಮಾ ಹಚ್ಚಿ ತೋರಿಸಿದ. 1950ರ ‘ನೈಟ್ ಅಂಡ್ ದಿ ಸಿಟಿ’, ಜೂಲ್ಸ್ ಡಾಸಿನ್ ನಿರ್ದೇಶಿಸಿದ್ದು. ಕಪ್ಪು ಬಿಳುಪಿನ ಲಂಡನ್ ನಗರ, ರಾತ್ರಿ, ಒಬ್ಬ ಓಡುತ್ತಿದ್ದಾನೆ. ಹ್ಯಾರಿ ಫೇಬಿಯನ್ ಅವನ ಹೆಸರು. ನಟ ರಿಚರ್ಡ್ ವಿಡ್‌ಮಾರ್ಕ್. ಓಡಿಬಂದವನು ಮಾಡುವ ಮೊದಲ ಕೆಲಸ, ತನ್ನನ್ನು ಪ್ರೀತಿಸುವ ಮೇರಿಯ ಪರ್ಸಿಗೆ ಕೈ ಹಾಕುವುದು. ಇದನ್ನು ನೆನಪಿಡಿ. ಮೋಸ ಪೇಟೆಯಲ್ಲಿ ಹುಟ್ಟುವುದಿಲ್ಲ, ಮನೆಯಲ್ಲಿ ಹುಟ್ಟುತ್ತದೆ.

ಆ ಊರಿನ ಕುಸ್ತಿ ವ್ಯವಹಾರವೆಲ್ಲ ಕ್ರಿಸ್ಟೊ ಎಂಬವನ ಮುಷ್ಟಿಯಲ್ಲಿದೆ. ಅವನ ತಂದೆ ಗ್ರೆಗೋರಿಯಸ್ ಹಳೆಯ ಪೈಲ್ವಾನ. ಮಗ ನಡೆಸುವ ತೋರಿಕೆಯ ಕುಸ್ತಿ ಕಂಡರೆ ಅವನಿಗೆ ಸಂಕಟ. ಫೇಬಿಯನ್ ಆ ಸಂಕಟವನ್ನೇ ಹಿಡಿದುಕೊಂಡ. ‘ನಿಜವಾದ ಕುಸ್ತಿ ಆಡಿಸೋಣ’ ಎಂದು ಮುದುಕನ ಮನಸ್ಸು ಗೆದ್ದ. ಬಂಡವಾಳಕ್ಕೆಂದು ಒಬ್ಬ ಹೆಂಗಸಿನಿಂದ ದುಡ್ಡು ಪಡೆದು, ಅವಳು ಬೇಡಿದ ಕ್ಲಬ್ಬಿನ ಲೈಸೆನ್ಸಿನ ಬದಲು ನಕಲಿ ಕಾಗದ ಕೊಟ್ಟ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು. ಕಡೆಗೆ ಅವನ ಹೂಟದಿಂದ ಎದ್ದ ಜಗಳದಲ್ಲಿ ಆ ಮುದುಕ ಎದುರಾಳಿಯನ್ನು ಗೆದ್ದು, ಗೆದ್ದ ಬೆನ್ನಿಗೇ ಮಗನ ತೋಳಿನಲ್ಲಿ ಪ್ರಾಣ ಬಿಟ್ಟ.

ಆ ಮುದುಕನ ಪಾತ್ರ ಮಾಡಿದವನನ್ನು ಕಂಡು ನಾನು ಕೂತಲ್ಲೇ ನೆಟ್ಟಗಾದೆ. ಅವನು ನಿಜದ ಪೈಲ್ವಾನ, ಪೋಲೆಂಡಿನ ಜ್ಬಿಷ್ಕೊ. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ದೇಶದ ಗಾಮಾ ಪೈಲ್ವಾನನ ಎದುರು ಎರಡೂವರೆ ತಾಸು ನೆಲಕ್ಕೆ ಅಂಟಿಕೊಂಡು ಕುಸ್ತಿ ಸಮ ಮಾಡಿದವನು. 1928ರಲ್ಲಿ ಪಟಿಯಾಲಾದಲ್ಲಿ ಅದೇ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ಗರಡಿಯಲ್ಲಿ ವಸ್ತಾದರು ಈ ಕಥೆ ಹೇಳುತ್ತಿದ್ದರೆ ನಾವು ದಂಡ ಹೊಡೆಯುವುದನ್ನೇ ಮರೆಯುತ್ತಿದ್ದೆವು.

ಈಗ ನನ್ನ ತಪ್ಪು ಹೇಳುತ್ತೇನೆ. ನನಗೆ ಇಪ್ಪತ್ತೆರಡು ವರ್ಷ. ಒಂದು ಜಾತ್ರೆಯ ಕುಸ್ತಿಗೆ ಹಿಂದಿನ ರಾತ್ರಿ ಒಬ್ಬ ಬಂದು ನೂರು ರೂಪಾಯಿ ಕೈಯಲ್ಲಿಟ್ಟು, ‘ನಾಳೆ ಬಿದ್ದುಬಿಡು’ ಎಂದ. ನಾನು ಬಿದ್ದೆ. ನನಗಾಗಿ ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು ನಡೆದುಬಂದಿದ್ದ ನಮ್ಮೂರಿನವರು ಒಂದು ಮಾತೂ ಆಡದೆ ಎದ್ದು ಹೋದರು. ಅವರು ನನ್ನನ್ನು ಅನುಮಾನಿಸಲಿಲ್ಲ. ‘ಪಾಪ, ಹುಡುಗಗ ಮೈಯಾಗ ಆರಾಮ ಇರಲಿಲ್ಲ’ ಅಂದುಕೊಂಡರು. ಬೈದಿದ್ದರೆ ಇಷ್ಟು ವರ್ಷ ನೋಯುತ್ತಿರಲಿಲ್ಲ.

ನಂಬಿದವರ ನಂಬಿಕೆಯೇ ಮೋಸಗಾರನ ಬಂಡವಾಳ. ನಂಬಿಕೆ ಮುರಿದರೆ ಏನಾಗುತ್ತದೆ ಎಂದು ಈ ಸೀಮೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರಿಗೆ ಹಿಡಿದುಕೊಟ್ಟವರು ನಮ್ಮವರೇ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ನಿನ್ನನ್ನು ಏಜೆಂಟನನ್ನಾಗಿ ಮಾಡುವವನಿಗೆ ನಿನ್ನ ಬುದ್ಧಿ ಬೇಕಿಲ್ಲ, ನಿನ್ನ ಬಳಗ ಬೇಕು. ಅತ್ತೆಯ ಸಂಘದ ಉಳಿತಾಯ, ಕಾಕಾ ಹತ್ತಿ ಮಾರಿ ತಂದ ರೊಕ್ಕ, ಇವು ಅವನ ಮಾತಿಗೆ ಬಿಚ್ಚಿಕೊಳ್ಳುವುದಿಲ್ಲ, ನಿನ್ನ ಮುಖ ನೋಡಿ ಬಿಚ್ಚಿಕೊಳ್ಳುತ್ತವೆ. ಒಂದು ಲೆಕ್ಕ ಹಾಕು. ಒಬ್ಬ 10 ಜನರನ್ನು ಸೇರಿಸಬೇಕು, ಆ ಹತ್ತೂ ಜನ ತಲಾ 10. ಹೀಗೆ ಹೋದರೆ ಹತ್ತನೆಯ ಸಾಲಿಗೆ 1,000 ಕೋಟಿ ಜನ ಬೇಕು. ಇಡೀ ಭೂಮಿಯ ಮೇಲಿರುವವರೇ 800 ಕೋಟಿಯ ಆಸುಪಾಸು. ಅಂದಮೇಲೆ ಕೊನೆಯ ಸಾಲಿನವರು ಮುಳುಗಲೇಬೇಕು. ಆ ಸಾಲಿನಲ್ಲಿರುವವರು ನಿನ್ನವರು. ಇಂಥ ಸರಪಳಿಯನ್ನು 1978ರ ಕಾಯ್ದೆ ನಿಷೇಧಿಸಿದೆ. ನಡೆಸುವುದಷ್ಟೇ ಅಲ್ಲ, ಜನರನ್ನು ಸೇರಿಸುವುದೂ ಅಪರಾಧ. ಅನುಮತಿ ಇಲ್ಲದೆ ಠೇವಣಿ ಎತ್ತುವುದನ್ನು 2019ರ ಕಾಯ್ದೆ ತಡೆದಿದೆ. ಮೊಬೈಲಿನಲ್ಲಿ ದುಡ್ಡು ಹೋದರೆ ನಾಚಿಕೊಂಡು ಕೂರಬೇಡ, ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಫೇಬಿಯನ್ ಹುಟ್ಟಾ ಕೆಟ್ಟವನಲ್ಲ. ತನ್ನ ಸುಳ್ಳನ್ನು ತಾನೇ ನಂಬಿದ್ದ; ಈ ಒಂದು ವ್ಯವಹಾರ ಕುದುರಿದರೆ ಎಲ್ಲರ ಸಾಲ ತೀರಿಸಿ ದೊಡ್ಡ ಮನುಷ್ಯನಾಗುತ್ತೇನೆ ಅಂದುಕೊಂಡಿದ್ದ. ಅವನ ತಲೆಗೆ ಕ್ರಿಸ್ಟೊ 1,000 ಪೌಂಡ್ ಬೆಲೆ ಕಟ್ಟಿದ. ರಾತ್ರಿಯೆಲ್ಲ ಓಡಿ, ಬೆಳಗಿನ ಜಾವ ಹೊಳೆಯ ದಂಡೆಯಲ್ಲಿ ಸಿಕ್ಕಿಬಿದ್ದಾಗ, ಆ ದುಡ್ಡಾದರೂ ಮೇರಿಗೆ ಸಿಗಲೆಂದು ‘ಇವಳೇ ನನ್ನನ್ನು ಹಿಡಿದುಕೊಟ್ಟಳು’ ಎಂದು ಕೂಗುತ್ತಾ ಸಾವಿನ ಕಡೆ ಓಡಿದ. ಪ್ರೀತಿಸಿದವಳಿಗೆ ಕೊಡಲು ಅವನ ಹತ್ತಿರ ಉಳಿದದ್ದು ತನ್ನ ಹೆಣದ ಬೆಲೆ ಮಾತ್ರ, ಅದನ್ನೂ ಸುಳ್ಳು ಹೇಳಿ ಕೊಡಬೇಕಾಯಿತು.

ನನಗೆ ತಿರುಗಿ ಬರುವ ದಾರಿ ಇತ್ತು, ಏಕೆಂದರೆ ನಾನು ಬೇಗ ಬಾಯಿ ಬಿಟ್ಟೆ. ಮೂರನೆಯ ದಿನ ವಸ್ತಾದರ ಮುಂದೆ ಎಲ್ಲ ಹೇಳಿ ದುಡ್ಡು ಚಾಚಿದೆ. ಅವರು ಮುಟ್ಟಲಿಲ್ಲ. ‘ಕೊಟ್ಟಾವಗ ಒಯ್ದು ಕೊಟ್ಟು ಬಾ. ಬಂದು ಗರಡಿ ಮಣ್ಣು ಅಗಿ’ ಎಂದರು. ಕೊಟ್ಟು ಬಂದೆ, ಒಂದು ತಿಂಗಳು ಮಣ್ಣು ಅಗಿದೆ. ನೀನೂ ಒಬ್ಬರಿಂದಾದರೂ ದುಡ್ಡು ಎತ್ತಿದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವ್ವನ ಮುಂದೆ ಹೇಳು. ಬೈಗುಳ ಬೀಳುತ್ತದೆ, ಬೀಳಲಿ. ಕೈಯಲ್ಲಿ ಉಳಿದಷ್ಟನ್ನು ತಿರುಗಿ ಕೊಡು, ಉಳಿದದ್ದಕ್ಕೆ ದುಡಿ.

ಮರುವರ್ಷ ಅದೇ ಕಣದಲ್ಲಿ ಅದೇ ಎದುರಾಳಿಯ ಜೊತೆ ಜೋಡಿ ಬಿತ್ತು. ಆ ಸಲ ನಿಜವಾಗಿ ಸೋತೆ. ನಮ್ಮೂರಿನವರು ನನ್ನ ಬೆನ್ನಿನ ಮಣ್ಣು ಒರೆಸಿ, ಚಕ್ಕಡಿಯಲ್ಲಿ ತಮ್ಮ ನಡುವೆ ಕೂರಿಸಿಕೊಂಡು ಊರಿಗೆ ಕರೆತಂದರು.