ಹಲವು ತೊಟ್ಟಿಗಳಿಗೆ ಒಂದೇ ಶೋಧಕ

ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನುಗಳು ಈಜಾಡುವುದನ್ನು ಕಂಡು ಆನಂದಿಸದವರು ವಿರಳ. ಆದರೆ ಆ ಚೆಲುವಿನೊಡನೆ ಒಂದು ಅಪಾಯವೂ ಅಡಗಿದೆ. ನದಿಯ ಮೀನು ಹೊರಹಾಕುವ ಕಲ್ಮಷವನ್ನು ಹರಿಯುವ ನೀರು ಕೊಂಡೊಯ್ಯುತ್ತದೆ. ತೊಟ್ಟಿಯ ಮೀನಾದರೋ ತನ್ನ ಕಲ್ಮಷದೊಡನೆಯೇ ಬಾಳಬೇಕು. ಮೀನಿನ ಕಿವಿರುಗಳಿಂದ ಹೊರಬೀಳುವ ಹಾಗೂ ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. ನೀರು ತಿಳಿಯಾಗಿ ತೋರುತ್ತಿರುವಾಗಲೇ ಅದು ಮೀನನ್ನು ಕೊಲ್ಲಬಲ್ಲದು.

ಈ ವಿಷಕ್ಕೆ ಪ್ರಕೃತಿಯಲ್ಲಿಯೇ ಪರಿಹಾರವುಂಟು. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಬೇರೆ ಬಗೆಯವು ಅದನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟಾಗಿ ಪರಿವರ್ತಿಸುತ್ತವೆ. ಇಂತಹ ಜೀವಿಗಳನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಪ್ರತ್ಯೇಕಿಸಿ ತೋರಿಸಿದನು. ಇವುಗಳಿಗೆ ನೆಲೆಯೂ ಆಮ್ಲಜನಕವೂ ಒದಗುವಂತೆ ಮಾಡುವುದೇ ಶೋಧಕದ ಮುಖ್ಯ ಕಾರ್ಯ.

ತೊಟ್ಟಿಗೊಂದು ಶೋಧಕವಿರಿಸಿದರೆ ಖರ್ಚೂ ಶ್ರಮವೂ ಹೆಚ್ಚು. ವಿನೊಗ್ರಾಡ್‌ಸ್ಕಿಗಿಂತ ಮೊದಲೇ ಇಂಗ್ಲೆಂಡಿನ ವಿಲಿಯಂ ಆಲ್ಫರ್ಡ್ ಲಾಯ್ಡ್ ಒಂದು ಉಪಾಯವನ್ನು ಆಚರಣೆಗೆ ತಂದಿದ್ದನು. 1871ರಲ್ಲಿ ಲಂಡನ್ನಿನಲ್ಲಿ ತೆರೆಯಲಾದ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯದಲ್ಲಿ, ಕತ್ತಲು ತುಂಬಿದ ದೊಡ್ಡ ಜಲಾಶಯದಿಂದ ಸಮುದ್ರದ ನೀರನ್ನು ಉಗಿಯಂತ್ರದ ಪಂಪುಗಳು ಮೇಲೆತ್ತುತ್ತಿದ್ದವು. ಆ ನೀರು ತೊಟ್ಟಿಗಳಲ್ಲಿ ಹರಿದು ಮರಳಿ ಜಲಾಶಯವನ್ನೇ ಸೇರುತ್ತಿತ್ತು.

ಅದೇ ತತ್ತ್ವವನ್ನು ಮನೆಯಲ್ಲಿಯೂ ಅಳವಡಿಸಬಹುದು. ಅರವತ್ತು ಲೀಟರಿನ ನಾಲ್ಕು ತೊಟ್ಟಿಗಳನ್ನು ಗಟ್ಟಿಯಾದ ಚೌಕಟ್ಟಿನ ಮೇಲಿರಿಸಿ, ಕೆಳಗೆ ಸಂಗ್ರಹ ತೊಟ್ಟಿಯೊಂದನ್ನು ಇಡಬೇಕು. ಕೆರೆಗೆ ಕೋಡಿಯಿರುವಂತೆ ಪ್ರತಿ ತೊಟ್ಟಿಗೂ ಒಂದು ಕೋಡಿ ಕೊಳವೆ ಬೇಕು. ಆದರೆ ಕೆರೆಸಾಲಿನಂತೆ ಒಂದರ ನೀರು ಮತ್ತೊಂದಕ್ಕೆ ಹರಿಯಬಾರದು. ಎಲ್ಲವೂ ನೇರವಾಗಿ ಕೆಳಗಿಳಿಯಬೇಕು. ಅಲ್ಲಿ ಸ್ಪಂಜು ಕಸವನ್ನು ತಡೆಯುತ್ತದೆ. ಸಣ್ಣ ರಂಧ್ರಗಳುಳ್ಳ ಸುಟ್ಟ ಮಣ್ಣಿನ ಬಿಲ್ಲೆಗಳು ಬ್ಯಾಕ್ಟೀರಿಯಾಗಳಿಗೆ ಆಶ್ರಯವಾಗುತ್ತವೆ. ಶುದ್ಧವಾದ ನೀರನ್ನು ಪಂಪು ಮೇಲೆತ್ತಿ ಎಲ್ಲ ತೊಟ್ಟಿಗಳಿಗೂ ಹಂಚುತ್ತದೆ. ನೀರಿನ ಮೊತ್ತ ಹೆಚ್ಚಿರುವುದರಿಂದ ಒಂದು ತೊಟ್ಟಿಯ ವಿಷ ಬೇಗನೆ ತೆಳುವಾಗುತ್ತದೆ.

ವಿದ್ಯುತ್ತು ನಿಂತಾಗ ಏನಾಗುವುದೆಂಬುದನ್ನು ಮೊದಲೇ ಯೋಚಿಸಬೇಕು. ಪಂಪು ನಿಂತರೂ ಕೋಡಿಯ ಮಟ್ಟಕ್ಕಿಂತ ಮೇಲಿರುವ ನೀರು ಕೆಳಗಿಳಿಯುತ್ತದೆ. ತೊಟ್ಟಿಯ ಉದ್ದ 60 ಸೆಂಟಿಮೀಟರ್, ಅಗಲ 30 ಸೆಂಟಿಮೀಟರ್ ಇದ್ದು, ನೀರು 2 ಸೆಂಟಿಮೀಟರ್ ಇಳಿದರೆ 3.6 ಲೀಟರ್, ನಾಲ್ಕು ತೊಟ್ಟಿಗಳಿಂದ 14.4 ಲೀಟರ್. ಕೆಳಗಿನ ತೊಟ್ಟಿಯಲ್ಲಿ ಇದಕ್ಕೂ ಮಿಗಿಲಾದ ಜಾಗ ಖಾಲಿಯಿರದಿದ್ದರೆ ನೀರು ಮನೆಯ ನೆಲಕ್ಕೆ ಹರಿಯುವುದು.

ತಾಳ್ಮೆಯೂ ಅಗತ್ಯ. ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ಹಲವು ವಾರಗಳು ಬೇಕು. ಅದಕ್ಕೆ ಮುನ್ನ ಮೀನುಗಳನ್ನು ತುಂಬಬಾರದು. ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ಸ್ಪಂಜನ್ನು ತೊಳೆದರೆ ಈ ಉಪಕಾರಿ ಜೀವಿಗಳು ಸಾಯುತ್ತವೆ. ನೈಟ್ರೇಟ್ ಶೇಖರವಾಗುವುದರಿಂದ ಆಗಾಗ ಸ್ವಲ್ಪ ನೀರನ್ನು ಬದಲಿಸಲೇಬೇಕು.

ಈ ವ್ಯವಸ್ಥೆಯ ಗುಣವೇ ಅದರ ದೋಷವೂ ಹೌದು. ಒಂದು ಮೀನಿಗೆ ಬಿಳಿಚುಕ್ಕೆ ರೋಗ ತಗುಲಿದರೆ ರೋಗಾಣುಗಳು ನೀರಿನೊಡನೆ ಎಲ್ಲ ತೊಟ್ಟಿಗಳನ್ನೂ ಹೊಕ್ಕುತ್ತವೆ. ಆದುದರಿಂದ ಹೊಸ ಮೀನನ್ನು ಕೆಲವು ವಾರಗಳ ಕಾಲ ಬೇರೆಯ ತೊಟ್ಟಿಯಲ್ಲಿರಿಸಿ ಪರೀಕ್ಷಿಸುವುದು ಜಾಣತನ. ಒಂದೇ ನೀರನ್ನು ಹಂಚಿಕೊಂಡವರ ಕ್ಷೇಮವೂ ಒಂದೇ, ಕೇಡೂ ಒಂದೇ. ಒಂದು ತೊಟ್ಟಿಯಲ್ಲಿ ತೋರಿದ ಅಲಕ್ಷ್ಯಕ್ಕೆ ಉಳಿದ ಮೂರೂ ದಂಡ ತೆರಬೇಕಾಗುತ್ತದೆ. ಮೀನಿನ ತೊಟ್ಟಿಗಳು ಕಲಿಸುವ ಈ ಪಾಠ ಊರಿನ ಕೆರೆಗೂ ನದಿಗೂ ಅನ್ವಯಿಸುತ್ತದೆ.

ಪದಗಳ ಅರ್ಥ
ಶೋಧಕ – ಸೋಸುವ ಸಾಧನ
ಕಲ್ಮಷ – ಕೊಳೆ
ಕೋಡಿ – ತುಂಬಿದ ನೀರು ಹೊರಹರಿಯುವ ದಾರಿ

ಅಭ್ಯಾಸ
1. ನೀರು ತಿಳಿಯಾಗಿದ್ದರೂ ಮೀನುಗಳು ಸಾಯಬಹುದು, ಏಕೆ?
2. ಸಂಗ್ರಹ ತೊಟ್ಟಿಯಲ್ಲಿ ಖಾಲಿ ಜಾಗವನ್ನು ಏಕೆ ಬಿಡಬೇಕು?
3. ‘ಈ ವ್ಯವಸ್ಥೆಯ ಗುಣವೇ ಅದರ ದೋಷವೂ ಹೌದು’ – ವಿವರಿಸಿ.